ಜಪ್ತಿಯಾದ ಹಂಡೆ

1980ರ ದಶಕದ ನಡುವಿನ ಒಂದು ಬೆಳಿಗ್ಗೆ, ಪಾಂಡವಪುರ ತಾಲ್ಲೂಕಿನ ನಮ್ಮ ಊರಿಗೆ ಸಾಲ ವಸೂಲಿಯವರ ಜೀಪು ಬಂದಾಗ ಅವ್ವ ಬಚ್ಚಲೊಲೆಗೆ ಕಬ್ಬಿನ ತರಗು ಒಡ್ಡುತ್ತಿದ್ದಳು. ಪಂಪ್‌ಸೆಟ್ಟಿಗೆಂದು ಅಪ್ಪ ತೆಗೆದಿದ್ದ ಸಾಲದ ಕಂತು ನಿಂತುಹೋಗಿತ್ತು. ಕಾರ್ಖಾನೆಗೆ ಸಾಗಿಸಿದ ಕಬ್ಬಿನ ದುಡ್ಡು ಕೈಸೇರದೆ ಅವರಾದರೂ ಎಲ್ಲಿಂದ ಕಟ್ಟಬೇಕಿತ್ತು?

"ಬಿಲ್ಲು ಬಂದೇಟ್ಗೆ ಕಟ್ಬುಡ್ತೀನಿ ಸ್ವಾಮಿ" ಎಂದು ಅಪ್ಪ ಹೇಳುತ್ತಿದ್ದಂತೆಯೇ ಬಂದವರು ಬಿಸಿನೀರನ್ನು ಅಂಗಳಕ್ಕೆ ಚೆಲ್ಲಿ, ಅವ್ವನ ತವರಿನಿಂದ ಬಂದಿದ್ದ ತಾಮ್ರದ ಹಂಡೆಯನ್ನು ಹೊರಗೆಳೆದು, ಮಸಿ ಹಿಡಿದ ಅದರ ಮೈಮೇಲೆ ಬಿಳಿ ಬಣ್ಣದಲ್ಲಿ 17 ಎಂದು ಬರೆದರು. ಅಂದು ಬೀದಿಯವರು ಯಾರೂ ನಮ್ಮ ಜಗಲಿಗೆ ಬರಲಿಲ್ಲ. ಬಂದರೆ ಅಪ್ಪನಿಗೆ ಮುಖವೆತ್ತಲು ಕಷ್ಟವಾದೀತೆಂಬ ಸಂಕೋಚ ಅವರದು.

ನಾಲ್ಕನೆಯ ದಿನ ರೈತ ಸಂಘದ ಹಸಿರು ಶಾಲಿನವರು ಟ್ರ್ಯಾಕ್ಟರಿನಲ್ಲಿ ಬಂದು ಅಪ್ಪನನ್ನು ಕರೆದೊಯ್ದರು. ಸಂಜೆ ಅದೇ ಟ್ರ್ಯಾಕ್ಟರಿನಲ್ಲಿ ಊರವರ ಪಾತ್ರೆ, ಬಾಗಿಲು, ಸೈಕಲ್ಲುಗಳ ನಡುವೆ ನಮ್ಮ ಹಂಡೆಯೂ ಮರಳಿತು. ಇದಕ್ಕೆ ಅವರು ಮರುಜಪ್ತಿ ಎನ್ನುತ್ತಿದ್ದರು.

ಮಲಪ್ರಭಾ ಅಚ್ಚುಕಟ್ಟಿನ ರೈತರು ತಮ್ಮ ಮೇಲೆ ಹೇರಿದ ಅಭಿವೃದ್ಧಿ ಕರ ಮತ್ತು ನೀರಿನ ಕರದ ವಿರುದ್ಧ 1980ರ ಜುಲೈಯಲ್ಲಿ ನರಗುಂದ, ನವಲಗುಂದಗಳಲ್ಲಿ ಎದ್ದು ನಿಂತು ಗೋಲಿಬಾರಿಗೆ ಗುರಿಯಾದದ್ದನ್ನೂ, ಅದೇ ವರ್ಷ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮೊದಲಾದವರು ಕರ್ನಾಟಕ ರಾಜ್ಯ ರೈತ ಸಂಘವನ್ನು ಕಟ್ಟಿದ್ದನ್ನೂ ನಾನು ಮೊದಲು ಕೇಳಿದ್ದು ಆ ರಾತ್ರಿ ನಮ್ಮ ಜಗಲಿಯಲ್ಲಿ. ವಿಶ್ವೇಶ್ವರಯ್ಯ ನಾಲೆಯ ನೀರಿಗೆ ಒಗ್ಗಿಹೋಗಿದ್ದ ನಮ್ಮವರಿಗೆ ಅದುವರೆಗೆ ನರಗುಂದವೆಂದರೆ ದೂರದ ಊರಿನ ಸಂಕಟ. ಆದರೆ ಬೆಳೆಗೆ ನ್ಯಾಯವಾದ ಬೆಲೆ ಕೊಡದ ಸರ್ಕಾರವೇ ನಿಜವಾದ ಬಾಕಿದಾರ, ರೈತ ಸಾಲಗಾರನಲ್ಲ ಎಂಬ ಸಂಘದ ವಾದ, ಕಬ್ಬಿನ ಬಾಕಿ ಬರಬೇಕಾಗಿದ್ದ ಮನೆಯಲ್ಲೇ ಜಪ್ತಿ ಕಂಡಿದ್ದ ಅಪ್ಪನಿಗೆ ಬಿಡಿಸಿ ಹೇಳಬೇಕಾದ ಮಾತಾಗಿರಲಿಲ್ಲ. ಲೆಕ್ಕಾಚಾರಕ್ಕಿಂತ ಮಾನ ಹೋದ ನೋವೇ ನಮ್ಮ ಕಡೆ ಸಂಘವನ್ನು ಬೆಳೆಸಿತೆಂದು ನಾನು ಇಂದಿಗೂ ನಂಬಿದ್ದೇನೆ. ಸಾಲ ತೀರಿಸಲೇಬಾರದೆಂಬ ಅರ್ಥದಲ್ಲಿ ಆ ವಾದವನ್ನು ಬಳಸಿಕೊಂಡವರೂ ಇದ್ದರು, ಅದು ಬೇರೆ ಮಾತು. ಅಪ್ಪನಂತೂ ಬಿಲ್ಲು ಬಂದ ವಾರವೇ ಕಂತು ಕಟ್ಟಿ, ರಸೀದಿಯನ್ನು ಟ್ರಂಕಿನಲ್ಲಿಟ್ಟರು.

ಹಂಡೆಯ ಮೇಲಿನ ಆ 17ನ್ನು ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕಲು ಹೊರಟಾಗ, "ಇರ್ಲಿ ಬುಡಮ್ಮಿ, ಅಳಿಸ್ಬ್ಯಾಡ" ಎಂದು ತಡೆದದ್ದೂ ಅವರೇ.

ಅಲ್ಲಿಯವರೆಗೆ ಊರಿನ ಯಜಮಾನರು ತೋರಿಸಿದ ಗುರುತಿಗೆ ಓಟು ಹಾಕುತ್ತಿದ್ದ ಅಪ್ಪ, 1994ರಲ್ಲಿ ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯನವರು ಪಾಂಡವಪುರದಿಂದ ವಿಧಾನಸಭೆಗೆ ನಿಂತಾಗ ಶಾಲು ಹೊದ್ದು ಸೈಕಲ್ಲಿನಲ್ಲಿ ಊರೂರು ತಿರುಗಿದರು. ಪುಟ್ಟಣ್ಣಯ್ಯ ಗೆದ್ದ ಸುದ್ದಿ ಬಂದ ದಿನವೂ ಅಪ್ಪ ಮನೆಯಲ್ಲಿರಲಿಲ್ಲ. ಕಬ್ಬಿಗೆ ನೀರು ತಿರುಗಿಸಲು ಹೋಗಿದ್ದ ಅವರಿಗೆ ಸುದ್ದಿ ಮುಟ್ಟಿಸಲು ನಾನು ಗದ್ದೆಯ ಬದುವಿನ ಮೇಲೆ ಓಡಿದ್ದೆ.