ಅಜ್ಜಿಯ ಕಾಂಪೋಸು, ಅಮ್ಮನ ಹಳೇ ಚೀಟಿ

ನಮ್ಮಜ್ಜಿ ಎಲೆಅಡಿಕೆ ತಟ್ಟೇಲಿ ಅಡಕತ್ತರಿ ಪಕ್ಕ ಒಂದು ಪುಟ್ಟ ಸ್ಟೀಲ್ ಡಬ್ಬಿ ಇರೋದು, ಅದರ ತುಂಬ ಕಾಂಪೋಸ್, ಗಾಬರಿಗೆ, ನಿದ್ದೆಗೆ ತಗೊಳ್ಳೋ ಮಾತ್ರೆ. ರಾತ್ರಿ ಊಟ ಆದ್ಮೇಲೆ ಅಡಿಕೆ ಕತ್ತರಿಸಿದಂಗೇ ಮಾತ್ರೇನೂ ಎರಡು ಹೋಳು ಮಾಡಿ ಅರ್ಧ ನುಂಗಿ ಮಲಗೋರು. 80ರ ದಶಕದ ಮಾತು. ಪಕ್ಕದ್ಮನೆಯೋರು "ಎದೆ ಢವಢವ ಅಂತಿದೆ, ಒಂದು ಕಾಂಪೋಸ್ ಇದ್ರೆ ಕೊಡಿ" ಅಂತ ಬರೋರು, ಕಾಫಿಪುಡಿ ಕಡ ಕೇಳಿದಷ್ಟು ಸಲೀಸಾಗಿ. ಅದು ಡಯಜೆಪಾಮ್, ಅಮೆರಿಕದಲ್ಲಿ ವ್ಯಾಲಿಯಮ್ ಅಂತ ಮನೆಮಾತಾಗಿದ್ದ ಔಷಧೀನೇ ಇದು ಅಂತ ನಂಗೆ ಗೊತ್ತಾಗಿದ್ದು ತೀರಾ ಈಚೆಗೆ, ಅಮ್ಮನ ವಿಷಯಕ್ಕೆ ಓದೋಕೆ ಕೂತಾಗ.

ಅಮ್ಮಂದು ಆಲ್‌ಪ್ರಜೋಲಾಮ್, ಅದೂ ಅದೇ ಜಾತಿಯ ಮಾತ್ರೆ. 2003ರಲ್ಲಿ ಅಪ್ಪ ಹೋದಾಗ ಒಬ್ರು ಡಾಕ್ಟ್ರು 0.25 ಮಿಲಿಗ್ರಾಂದು ಬರೆದುಕೊಟ್ರು, ಹದಿನೈದು ದಿನಕ್ಕೆ ಅಂತ. ಆ ಚೀಟಿ ಮಡಿಕೆಯಲ್ಲಿ ಹರಿದು ಸೆಲ್ಲೋಟೇಪ್ ಹಚ್ಚಿಸ್ಕೊಂಡು ಹದಿನೈದು ವರ್ಷ ಓಡ್ತು. ನಡುವೆ 0.25 ಹೋಗಿ 0.5 ಆಯ್ತು. 2014ರ ಮಾರ್ಚಿಂದ ಈ ಮಾತ್ರೆಗಳು ಎಚ್1 ಅನ್ನೋ ಬಿಗಿ ನಿಯಮದ ಔಷಧಿ ಪಟ್ಟಿಗೆ ಸೇರಿದ್ವು, ಯಾರು ಬರೆದ್ರು ಯಾರಿಗೆ ಕೊಟ್ವಿ ಅಂತ ಅಂಗಡಿಯೋರು ರಿಜಿಸ್ಟರಲ್ಲಿ ಬರೆದು ಮೂರು ವರ್ಷ ಇಟ್ಕೋಬೇಕು, ಆದ್ರೆ ಪರಿಚಯದ ಮೆಡಿಕಲ್ ಶಾಪು, ಕೊಡ್ತಾನೇ ಇದ್ರು. ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ, ಅದು ಈಗ್ಲೂ ಚುಚ್ಚುತ್ತೆ.

2018ರಲ್ಲಿ ಧಾರವಾಡಕ್ಕೆ ಮದುವೆಗೆ ಹೋದಾಗ ಅಮ್ಮ ಮಾತ್ರೆ ಮರೆತು ಬಂದ್ರು. ಎರಡನೇ ರಾತ್ರಿ ಒಂಚೂರೂ ನಿದ್ದೆ ಇಲ್ಲ, ಬೆಳಿಗ್ಗೆ ನೋಡಿದ್ರೆ ಕಾಫಿ ಲೋಟ ಹಿಡಿಯೋಕಾಗ್ದಷ್ಟು ಕೈ ನಡುಕ, ಸೀರೆ ಒದ್ದೆಯಾಗೋಷ್ಟು ಬೆವರು, "ಮೈಯೊಳಗೆ ಇರುವೆ ಹರಿದಂಗಾಗ್ತಿದೆ ಕಣೇ" ಅಂತ ಅಳೋಕೆ ಶುರು ಮಾಡಿದ್ರು. ನಾವು ಹಾರ್ಟ್ ಪ್ರಾಬ್ಲಮ್ ಅಂದ್ಕೊಂಡು ಓಡಿದ್ವಿ. ಅಲ್ಲಿದ್ದ ಡ್ಯೂಟಿ ಡಾಕ್ಟ್ರು ಮೊದಲು ಕೇಳಿದ್ದೇ "ಏನು ಮಾತ್ರೆ ತಗೋತಿದ್ರು, ಯಾವಾಗ ನಿಲ್ಸಿದ್ರು" ಅಂತ. ಹೀಗೆ ಒಮ್ಮೆಲೇ ನಿಲ್ಲಿಸಿದ್ರೆ ಕೆಲವರಿಗೆ ಫಿಟ್ಸ್ ಕೂಡ ಬರುತ್ತೆ ಅಂತ ಅವತ್ತೇ ಗೊತ್ತಾಗಿದ್ದು.

ಆಮೇಲೆ ರಾತ್ರಿಯೆಲ್ಲ ಕೂತು ಓದಿದೆ. ಪ್ರತಿ ಕಾಲಕ್ಕೂ ಒಂದು ಹೊಸ ಮಾತ್ರೆ ಬರುತ್ತೆ, ಹಿಂದಿನದಕ್ಕಿಂತ ಸೇಫ್ ಅಂತಾರೆ, ಎಷ್ಟೋ ವರ್ಷ ಆದ್ಮೇಲೆ ಅದರ ಹಣೆಬರಹವೂ ಗೊತ್ತಾಗುತ್ತೆ. ಮೊದಲು ಬಾರ್ಬಿಚುರೇಟ್ ಅನ್ನೋ ಹಳೇ ನಿದ್ದೆ ಮಾತ್ರೆಗಳು, ಸ್ವಲ್ಪ ಜಾಸ್ತಿ ಆದ್ರೆ ಉಸಿರೇ ನಿಂತುಹೋಗೋದು. 1955ರಲ್ಲಿ ಗಾಬರಿ ಇಳಿಸೋ ಮಿಲ್ಟೌನ್ ಬಂತು, ಅದನ್ನ ಕಂಡುಹಿಡಿದ ಫ್ರಾಂಕ್ ಬರ್ಗರ್ ಅದಕ್ಕೂ ಮೊದಲು ಪೆನಿಸಿಲಿನ್ ಕೆಡದ ಹಾಗೆ ಇಡೋಕೆ ಏನಾದ್ರೂ ಸಿಗುತ್ತಾ ಅಂತ ಹುಡುಕ್ತಿದ್ದೋರು, ಇಲಿಗಳು ಎಚ್ಚರ ಇದ್ದೂ ಮೈ ಸಡಿಲ ಬಿಟ್ಟು ಮಲಗಿದ್ದು ಕಂಡು ಈ ದಾರಿ ಹಿಡಿದ್ರಂತೆ. 1960ಕ್ಕೆ ಲಿಬ್ರಿಯಮ್, 1963ಕ್ಕೆ ವ್ಯಾಲಿಯಮ್, ಎರಡೂ ಲಿಯೋ ಸ್ಟರ್ನ್‌ಬಾಕ್ ಅನ್ನೋ ರಸಾಯನ ವಿಜ್ಞಾನಿಯ ಕೆಲಸ. 1978 ಒಂದೇ ವರ್ಷದಲ್ಲಿ ವ್ಯಾಲಿಯಮ್ ಸುಮಾರು 230 ಕೋಟಿ ಮಾತ್ರೆ ಖರ್ಚಾಗಿದೆ. ಗಂಡಸರಿಗಿಂತ ಹೆಂಗಸರಿಗೇ ಜಾಸ್ತಿ ಬರೀತಿದ್ರು ಅನ್ನೋದನ್ನ ಓದಿದಾಗ ನಂಗೆ ಅಜ್ಜಿ ನೆನಪಾದ್ರು, ಎರಡು ಮಕ್ಕಳನ್ನ ಕಳ್ಕೊಂಡಿದ್ರು ಅವರು, ಅದರ ಬಗ್ಗೆ ಒಬ್ರೂ ಕೂತು ಮಾತಾಡಿಸಿದ್ದಿಲ್ಲ, ಮಾತ್ರೆ ಮಾತ್ರ ತಂದುಕೊಟ್ರು.

ನ್ಯಾಯವಾಗಿ ಹೇಳ್ಬೇಕಂದ್ರೆ ಬಾರ್ಬಿಚುರೇಟ್‌ಗೆ ಹೋಲಿಸಿದ್ರೆ ಈ ವ್ಯಾಲಿಯಮ್ ಜಾತಿಯ ಮಾತ್ರೆಗಳು ನಿಜವಾಗ್ಲೂ ಎಷ್ಟೋ ವಾಸಿ, ಪ್ಯಾನಿಕ್ ಆಗಿ ಒದ್ದಾಡೋರಿಗೆ ಅರ್ಧ ಗಂಟೇಲಿ ಆರಾಮ ಕೊಡುತ್ತೆ. ತೊಂದರೆ ಇರೋದು ವರ್ಷಗಟ್ಟಲೆ ನುಂಗೋದ್ರಲ್ಲಿ. ಬ್ರಿಟನ್‌ನಲ್ಲಿ 1988ರಲ್ಲೇ ಎರಡರಿಂದ ನಾಲ್ಕು ವಾರ ಸಾಕು ಅಂತ ಡಾಕ್ಟರುಗಳಿಗೆ ಹೇಳಿದ್ರು. ನಮ್ಮಮ್ಮಂಗೆ ಮಾತ್ರೆ ಬರೆದಿದ್ದು ಅದಾಗಿ ಹದಿನೈದು ವರ್ಷಕ್ಕೆ! ಈಗ ಬಹಳ ಡಾಕ್ಟ್ರು ಗಾಬರಿ ಕಾಯಿಲೆಗೆ ಮೊದಲು ಎಸ್ಸಿಟಾಲೊಪ್ರಾಮ್ ಥರದ್ದು, ಅಂದ್ರೆ ಖಿನ್ನತೆಗೂ ಕೊಡೋ ಮಾತ್ರೆ, ಕೊಡ್ತಾರೆ, ಜೊತೆಗೆ ಕೌನ್ಸೆಲಿಂಗ್. ಆ ಮಾತ್ರೆ ಕೆಲಸ ಶುರು ಮಾಡೋಕೆ ವಾರಗಳೇ ಬೇಕು, ಅಲ್ಲಿವರೆಗೆ ಮಾತ್ರ ಹಳೇ ಥರದ ಮಾತ್ರೆ ಒಂದಿಷ್ಟು ದಿನ.

ಅಮ್ಮನ್ನ ನೋಡಿದ ಸೈಕಿಯಾಟ್ರಿಸ್ಟ್ ಮಾಡಿದ್ದೇನು ಅಂದ್ರೆ, ಆಲ್‌ಪ್ರಜೋಲಾಮ್ ಬಿಡಿಸಿ ನಿಧಾನಕ್ಕೆ ಡಯಜೆಪಾಮ್‌ಗೆ ತಂದ್ರು, ಅಜ್ಜಿಯ ಕಾಂಪೋಸೇ. ಅದು ಮೈಯಿಂದ ಇಳಿಯೋಕೆ ಬಹಳ ಟೈಮ್ ತಗೊಳ್ಳುತ್ತೆ, ಒಮ್ಮೆಲೇ ಇಳಿದುಹೋಗಲ್ಲ, ಅದಕ್ಕೇ ಬಿಡೋದು ಸುಲಭ ಅಂತ. 0.5ರ ಜಾಗಕ್ಕೆ 10 ಮಿಲಿಗ್ರಾಂ, ಅಲ್ಲಿಂದ ಎರಡೆರಡು ವಾರಕ್ಕೆ ಚೂರುಚೂರು ಇಳಿಸ್ತಾ ಎಂಟು ತಿಂಗಳು. ಕಾಲು ಹೋಳು ಮಾಡೋಕೆ ಅಮ್ಮ ಅಟ್ಟದಿಂದ ಅಜ್ಜಿಯ ಅಡಕತ್ತರೀನೇ ಹುಡುಕಿ ತೆಗೆದ್ರು. ನಡುವೆ ಒಂದ್ಸಲ ತಡೀಲಾರದೆ ಡೋಸ್ ಇನ್ನೂ ಇಳಿಸದೆ ಇದ್ದಷ್ಟರಲ್ಲೇ ಒಂದು ತಿಂಗಳು ಇಡಬೇಕಾಯ್ತು. ಡಾಕ್ಟ್ರು ಬೈಲಿಲ್ಲ, ಅದೇ ದೊಡ್ಡದು.

ನಿಮ್ಮನೇಲೂ ಇಂಥ ಹಳೇ ಚೀಟಿ ಇದ್ರೆ ದಯವಿಟ್ಟು ಮಾತ್ರೆ ಕಿತ್ಕೊಂಡು ಬಿಸಾಡ್ಬೇಡಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ.

ಅಮ್ಮಂಗೆ ಈಗ್ಲೂ ಕೆಲವು ರಾತ್ರಿ ನಿದ್ದೆ ಹತ್ತಲ್ಲ. ಮೂರು ಗಂಟೆಗೆ ಎದ್ದು ಹಾಲ್‌ನಲ್ಲಿ ಕೂತು ಹೂಬತ್ತಿ ಮಾಡ್ತಿರ್ತಾರೆ, ನನಗೆ ಎಚ್ಚರ ಆದ್ರೆ ನಾನೂ ಹೋಗಿ ಒಂದಷ್ಟು ಹತ್ತಿ ಬಿಡಿಸ್ತಾ ಕೂರ್ತೀನಿ, ಅಪ್ಪನ ಮಾತು ಬರುತ್ತೆ ಒಂದೊಂದ್ಸಲ.