ತೋಟದ ಅಂಚಿನ ನಮ್ಮ ಶಾಲೆ

ಮ್ಯಾಗಝಿನ್‌ಗೆ ಶಾಲೆ ಚರಿತ್ರೆ ಬರ್ದು ಕೊಡಿ ಅಂತ ಹೆಡ್‌ಮಿಸ್ ಫೋನ್ ಮಾಡಿದ್ರು. ಕಟ್ಟಡ ಯಾವಾಗ ಆಯ್ತು, ಯಾರು ಟೇಪ್ ಕಟ್ ಮಾಡಿದ್ರು ಅನ್ನೋದೆಲ್ಲ ವರಾಂಡದ ಕಲ್ಲಲ್ಲೇ ಕೆತ್ತಿದೆ, ಬೇಕಾದವ್ರು ಓದ್ಕೊಳ್ಳಿ. ನಂಗೆ ಹೇಳ್ಬೇಕು ಅನ್ಸಿದ್ದು ಬೇರೆ. ಮಡಿಕೇರಿ ಪೇಟೆ ಮುಗ್ದು ಕಾಫಿ ತೋಟ ಶುರುವಾಗೋ ಜಾಗದಲ್ಲಿರೋ ಈ ಕನ್ನಡ ಶಾಲೆಗೆ, ಮನೇಲಿ ಕನ್ನಡ ಮಾತಾಡೋ ಮಕ್ಕಳು ಯಾವ ಕಾಲದಲ್ಲೂ ಜಾಸ್ತಿ ಬಂದಿದ್ದೇ ಇಲ್ಲ.

ನಮ್ಮಪ್ಪನೂ ಇಲ್ಲೇ ಓದಿದ್ದು. ಅವ್ರು ಸೇರುವಾಗ ಕೊಡಗು ಬೇರೆ ರಾಜ್ಯ, 1952ರಿಂದ 1956ರ ತನಕ ಮಡಿಕೇರಿಯಲ್ಲೇ ಸರ್ಕಾರ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದ್ವಿ. ‘ಒಂದೇ ಬೆಂಚಲ್ಲಿ ಕೂತು ಎರಡು ರಾಜ್ಯದಲ್ಲಿ ಓದಿದವ ನಾನು’ ಅಂತ ಅಪ್ಪ ಈಗ್ಲೂ ಜಂಬ ಕೊಚ್ತಾರೆ, ಮೇಷ್ಟ್ರೂ ಅವ್ರೇ ಬೆತ್ತಾನೂ ಅದೇ ಇತ್ತಂತೆ. ಆಮೇಲೆ ಶಾಲೆಲಿ ಕೇರ್ ಅನ್ನೋ ನೆರವು ಸಂಸ್ಥೆ ಅಮೆರಿಕದಿಂದ ಕಳಿಸ್ತಿದ್ದ ಉಪ್ಪಿಟ್ಟು ಶುರುವಾದಾಗ ಚಿಕ್ಕಪ್ಪಂದಿರು ಅದನ್ನ ತಿಂದವ್ರು, ಅದ್ರ ಘಮ ನೆನಪಾದ್ರೆ ಮನೇಲಿ ಮಾಡಿದ ಉಪ್ಪಿಟ್ಟು ಅವ್ರಿಗೆ ಸೇರೋದೇ ಇಲ್ಲ.

ನಾವು ಸೇರಿದ್ದು ಎಂಬತ್ತರ ದಶಕದ ಕೊನೇಲಿ. ಒಂದನೇ ಕ್ಲಾಸ್ ಅಂದ್ರೆ ಕೇಳ್ಬೇಡಿ, ಮುಂದಿನ ಸಾಲಲ್ಲಿ ಕೊಡವ ತಕ್ಕ್, ಅದ್ರ ಹಿಂದೆ ನಾವು ಅರೆಭಾಷೆಯವ್ರು, ಕಿಟಕಿ ಹತ್ರ ಮಲಯಾಳ, ಆಮೇಲೆ ತುಳು, ಲೈನ್ ಮನೆಯಿಂದ, ಅಂದ್ರೆ ತೋಟದ ಕೆಲಸದವ್ರ ಸಾಲು ಮನೆಗಳಿಂದ ಬರೋ ಎರವ ಬುಡಕಟ್ಟಿನ ಮಕ್ಕಳು, ತಮಿಳು ಮಕ್ಕಳು, ಇವ್ರೆಲ್ಲರ ಮುಂದೆ ಟೀಚರ್ ಒಬ್ರೇ ಪಠ್ಯಪುಸ್ತಕ ಹಿಡ್ಕೊಂಡು ನಿಂತಿದ್ರು. ಆ ಪುಸ್ತಕದ ಕನ್ನಡ ನಮ್ ಯಾರ ಮನೆಯದ್ದೂ ಅಲ್ಲ. ವೆಳ್ಳಂ ಅಂದ್ರೂ ತಣ್ಣಿ ಅಂದ್ರೂ ಟೀಚರ್ ಹೂಜಿ ತೋರ್ಸ್ತಿದ್ರು, ಆದ್ರೆ ‘ನೀರು ಕುಡಿಯೋಕೆ ಹೋಗ್ಲಾ ಟೀಚರ್’ ಅಂತ ಒಂದ್ಸಲ ಅವ್ರೇ ಹೇಳಿ, ನಮ್ಮ ಬಾಯಲ್ಲೂ ಹೇಳ್ಸಿ, ಆಮೇಲೇ ಬಿಡ್ತಿದ್ರು. ಮನೆ ಮಾತಾಡಿದ್ದಕ್ಕೆ ಹೊಡ್ದಿದ್ದಂತೂ ನಾನು ನೋಡಿಲ್ಲ. ದೀಪಾವಳಿ ರಜೆ ಬರೋಷ್ಟರಲ್ಲಿ ನಾವು ಜಗಳಾನೂ ಕನ್ನಡದಲ್ಲೇ ಆಡ್ತಿದ್ವಿ, ಯಾಕಂದ್ರೆ ಬೈದಿದ್ದು ಎಲ್ಲರಿಗೂ ಅರ್ಥ ಆಗ್ಬೇಕಲ್ಲ!

ರಿಜಿಸ್ಟರ್‌ದು ಇನ್ನೊಂದು ಕಥೆ. ಕೊಡವ ಮಕ್ಕಳಿಗೆ ಮನೆ ಹೆಸರು ಮೊದ್ಲು, ಆಮೇಲೆ ಸ್ವಂತ ಹೆಸರು. ಲೈನ್ ಮನೆ ಮಕ್ಕಳಿಗೆ ಇರೋದೊಂದೇ ಹೆಸರು, ಹುಟ್ಟಿದ ದಿನ ಯಾರಿಗೂ ನೆನಪಿಲ್ಲ, ಮೇಷ್ಟ್ರು ಜೂನ್ 1 ಅಂತ ಬರ್ದು ಮುಗಿಸೋರು. ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಈಗ್ಲೂ ಜೂನ್ 1ಕ್ಕೆ ಕೇಕ್ ಫೋಟೋಗಳ ಸುರಿಮಳೆ.

ಆ ಲೈನ್ ಮನೆ ಮಕ್ಕಳಿಗೆ ಶಾಲೆ ವರ್ಷ ಅನ್ನೋದು ತೋಟದ ಲೆಕ್ಕದಲ್ಲೇ ನಡೀತಿತ್ತು. ಜೂನ್ ಜುಲೈಲಿ ಗೊಬ್ಬರದ ಚೀಲದ ಕೊಪ್ಪೆ ಹಾಕ್ಕೊಂಡು, ಕಾಲಲ್ಲಿ ಜಿಗಣೆ ಕಚ್ಚಿದ ರಕ್ತ ಒರ್ಸ್ಕೊಂಡು ಬರೋರು, ಹಂಚಿನ ಮೇಲೆ ಮಳೆ ಬಿದ್ರೆ ಟೀಚರ್ ಮಾತು ಯಾರಿಗೂ ಕೇಳ್ಸ್ತಿರ್ಲಿಲ್ಲ, ಬೋರ್ಡ್ ನೋಡಿ ಬರ್ಕೊಳ್ಳೋದಷ್ಟೇ. ಡಿಸೆಂಬರಲ್ಲಿ ಕಾಫಿ ಕುಯ್ಲು ಶುರುವಾದ್ರೆ ಹಿಂದಿನ ಬೆಂಚು ಖಾಲಿ, ದೊಡ್ಡವ್ರು ಹಣ್ಣು ಕುಯ್ಯೋಕೆ ಹೋದ್ರೆ ಸಣ್ಣ ಮಗು ನೋಡ್ಕೊಳ್ಳೋರು ಬೇಕಲ್ಲ. ಎಷ್ಟೋ ಜನ ಹಾಗೇ ಶಾಲೆ ಬಿಟ್ರು. ಶಾಲೆಗಳಿಗೆ ಸಾಮಾನು ಕೊಡೋಕೆ ಕೇಂದ್ರ ಸರ್ಕಾರ 1987ರಲ್ಲಿ ಶುರು ಮಾಡಿದ ಆಪರೇಷನ್ ಬ್ಲ್ಯಾಕ್ ಬೋರ್ಡಿಂದ ನಮ್ಗೂ ಗ್ಲೋಬ್, ಮ್ಯಾಪು, ವಿಜ್ಞಾನದ ಪೆಟ್ಟಿಗೆ ಬಂತು, ಹಾಳಾಗ್ತದೆ ಅಂತ ಬೀರುವಲ್ಲಿಟ್ಟು ಬೀಗ ಹಾಕಿದ್ರು, ಗಾಜಿನಾಚೆಯಿಂದ ನಾವು ನೋಡಿದ್ದು ಬರೀ ಅರ್ಧ ಭೂಗೋಳ. ಈ ಕಡೆ ಜಿಲ್ಲೆಗಳಿಗೆ 2003ರಲ್ಲಿ ಬಿಸಿಯೂಟ ಬಂತು. ಕುಯ್ಲಿನ ಟೈಮಲ್ಲೂ ಹಾಜರಿ ಸ್ವಲ್ಪ ನಿಂತಿದ್ದು ಅದ್ರಿಂದ್ಲೇ ಅಂತ ನಂಗನ್ಸೋದು, ಗ್ಲೋಬಿಂದಂತೂ ಅಲ್ಲ.

ಈಗ ಪರಿಸ್ಥಿತಿ ಗೊತ್ತಲ್ಲ. ನಮ್ಮ ಮಕ್ಕಳನ್ನ ನಾವೇ ಇಂಗ್ಲಿಷ್ ಮೀಡಿಯಂ ವ್ಯಾನ್ ಹತ್ತಿಸ್ತೀವಿ, ಆಮೇಲೆ ಮ್ಯಾಗಝಿನ್‌ಗೆ ಕನ್ನಡ ಶಾಲೆ ನೆನಪು ಬರೀತೀವಿ. ಶಾಲೆಲಿ ಮಕ್ಕಳು ಕಮ್ಮಿಯಾಗಿ ಕೊಠಡಿಗಳು ಖಾಲಿ ಖಾಲಿ ಇದ್ವು. 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು, ಜೋಡುಪಾಲ ಕಡೆಯ ಎಷ್ಟೋ ಮನೆಯವ್ರು ಮಡಿಕೇರಿಗೆ ಬಂದ್ರಲ್ಲ, ಆಗ ಒಂದಷ್ಟು ಮಕ್ಕಳು ವರ್ಷದ ಮಧ್ಯದಲ್ಲಿ ಇಲ್ಲಿಗೆ ಸೇರಿದ್ರು. ಈಗ ಒಂದನೇ ಕ್ಲಾಸಲ್ಲಿರೋದು ಹೆಚ್ಚಾಗಿ ಅಸ್ಸಾಂ ಕಡೆಯಿಂದ ತೋಟದ ಕೆಲ್ಸಕ್ಕೆ ಬಂದವ್ರ ಮಕ್ಕಳು. ಹೋದ ತಿಂಗಳು ಹೋದಾಗ ಆ ಕ್ಲಾಸಿನ ಹುಡುಗಿ ಒಬ್ಳು ಅವ್ಳ ಅಮ್ಮನ್ನ ಕರ್ಕೊಂಡು ಬಂದು, ಹೆಡ್‌ಮಿಸ್ ಹೇಳೋದನ್ನ ಅಮ್ಮಂಗೆ ಅವ್ರ ಭಾಷೇಲಿ, ಅಮ್ಮ ಹೇಳೋದನ್ನ ಹೆಡ್‌ಮಿಸ್‌ಗೆ ಕನ್ನಡದಲ್ಲಿ ಹೇಳ್ತಾ ನಿಂತಿದ್ಳು, ಆಧಾರ್ ಕಾರ್ಡ್ ವಿಷ್ಯ.

ಹಾಗಾಗಿ ಹಳೇ ವಿದ್ಯಾರ್ಥಿಗಳ ಕಮಿಟಿಗೆ ನನ್ನದೊಂದು ಮಾತು. ಗೇಟಿಗೆ ಕಮಾನು ಕಟ್ಸೋಣ ಅಂತಿದ್ದೀರಿ, ಬೇಡ ಅನ್ನಲ್ಲ, ಆದ್ರೆ ಈಗ ಒಂದರಿಂದ ಮೂರನೇ ಕ್ಲಾಸ್ ತನಕ ಒಟ್ಟಿಗೆ ಕೂರ್ಸಿ ನಲಿಕಲಿ, ಅಂದ್ರೆ ಆಟ-ಚಟುವಟಿಕೆಯ ಪಾಠ, ಮಾಡ್ಸ್ತಿರೋದು ಒಬ್ರೇ ಟೀಚರ್. ಮೊದ್ಲು ಆ ದುಡ್ಡಲ್ಲಿ ಒಬ್ರು ಗೌರವ ಶಿಕ್ಷಕಿನ ಇಡೋಣ, ಹಿಂದಿ ಸ್ವಲ್ಪ ಗೊತ್ತಿರೋರು ಸಿಕ್ರೆ ಇನ್ನೂ ಒಳ್ಳೇದು. ನನ್ನ ಪಾಲು ಹೆಡ್‌ಮಿಸ್ ಹತ್ರ ಕೊಟ್ಟಾಗಿದೆ.