ಬುದ್ಧಿ ಬರುವ ಮುಂಚೆ ಕಿವಿಗೆ ಬಿದ್ದದ್ದು

ಗ್ರೀಕ್ ತತ್ವಜ್ಞಾನಿ ಪ್ಲೇಟೋನ 'ರಿಪಬ್ಲಿಕ್' ಅಂದ ತಕ್ಷಣ ಎಲ್ಲರಿಗೂ ರಾಜಕೀಯ ನೆನಪಾಗುತ್ತದೆ. ನನಗೆ ನೆನಪಾಗುವುದು ಸಂಗೀತ. ಮೈಸೂರಿನಲ್ಲಿ ಮನೆಯಲ್ಲೇ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ಸಂಜೆ ಪಾಠ. ಬೆಳಗ್ಗೆ ಮನೆ ಖಾಲಿಯಾದ ಮೇಲೆ ಪ್ಲೇಟೋ, ಅವನ ಶಿಷ್ಯ ಅರಿಸ್ಟಾಟಲ್, ಇಂಗ್ಲಿಷ್ ಅನುವಾದದಲ್ಲಿ, ಪೆನ್ಸಿಲ್ ಹಿಡಿದುಕೊಂಡು. ಓದುತ್ತಾ ಹೋದ ಹಾಗೆ ಇವರಿಬ್ಬರೂ ನನ್ನ ಕೆಲಸದ ಬಗ್ಗೆಯೇ ಮಾತಾಡುತ್ತಿದ್ದಾರೆ ಅಂತ ಅನ್ನಿಸತೊಡಗಿತು.

'ರಿಪಬ್ಲಿಕ್'ನ ಮಾತುಕತೆ ನಡೆಯುವುದು ಅಥೆನ್ಸಿನ ಬಂದರು ಪಿರೇಯಸ್‌ನಲ್ಲಿ, ಕೆಫಲಸ್ ಎಂಬ ಮುದುಕನ ಮಗ ಪೊಲೆಮಾರ್ಕಸ್‌ನ ಮನೆಯಲ್ಲಿ. ಊರು ಕಾಯುವವರನ್ನು ಚಿಕ್ಕಂದಿನಿಂದ ಹೇಗೆ ಬೆಳೆಸಬೇಕು ಅನ್ನುವುದು ಪ್ರಶ್ನೆ. ಮೈಗೆ ವ್ಯಾಯಾಮ, ಆತ್ಮಕ್ಕೆ ಸಂಗೀತ ಅಂತ ಪ್ಲೇಟೋನ ಗುರು ಸಾಕ್ರಟೀಸ್ ಶುರು ಮಾಡುತ್ತಾನೆ. ಅವನು ಸಂಗೀತ ಅನ್ನುವುದರಲ್ಲಿ ಕಥೆ, ಕಾವ್ಯ ಎಲ್ಲ ಸೇರಿದೆ. ಆದರೆ ಮೂರನೇ ಭಾಗಕ್ಕೆ ಬರುವಾಗ ಮಾತು ಬದಲಾಗುತ್ತದೆ. ಎರಡೂ ಇರುವುದು ಆತ್ಮಕ್ಕಾಗಿಯೇ ಅನ್ನುತ್ತಾನೆ. ಬರೀ ವ್ಯಾಯಾಮ ಮಾಡಿದವನು ಒರಟನಾಗುತ್ತಾನೆ. ಬರೀ ಸಂಗೀತದಲ್ಲಿ ಮುಳುಗಿದವನು ಮೆತ್ತಗಾಗುತ್ತಾನೆ. ಸಂಗೀತ ಮೊದಮೊದಲು ಕಬ್ಬಿಣವನ್ನು ಕಾಯಿಸಿದ ಹಾಗೆ ಮನಸ್ಸನ್ನು ಹದಕ್ಕೆ ತರುತ್ತದೆ, ನಿಲ್ಲಿಸದೇ ಹೋದರೆ ಕರಗಿಸಿಬಿಡುತ್ತದೆ. ಸಂಗೀತದವಳಾಗಿ ಇದನ್ನು ಒಪ್ಪಲು ಕಷ್ಟ. ಆದರೂ ಒಪ್ಪುತ್ತೇನೆ.

ಒಪ್ಪದ ಭಾಗವೂ ಇದೆ. ಗ್ರೀಕರ ಸಂಗೀತದಲ್ಲಿ ಡೋರಿಯನ್, ಫ್ರಿಜಿಯನ್, ಲಿಡಿಯನ್ ಅಂತ ಬೇರೆ ಬೇರೆ ಸ್ವರಕ್ರಮಗಳಿದ್ದವು. ಪಾಶ್ಚಾತ್ಯ ಸಂಗೀತದಲ್ಲಿ ಈಗಲೂ ಈ ಹೆಸರುಗಳಿವೆ, ಆದರೆ ಅವು ಬೇರೆ. ಸಾಕ್ರಟೀಸ್ ಅಳುವಿನ ಕ್ರಮಗಳನ್ನೂ ಕುಡಿತದ ಕೂಟದ ಕ್ರಮಗಳನ್ನೂ ತೆಗೆದುಹಾಕಿ, ಧೈರ್ಯದ್ದೊಂದು, ಸಮಾಧಾನದ್ದೊಂದು ಅಂತ ಎರಡನ್ನು ಮಾತ್ರ ಉಳಿಸಿಕೊಳ್ಳುತ್ತಾನೆ. ಅಳುವನ್ನು ಪಾಠದಿಂದಲೇ ತೆಗೆದುಹಾಕಿದರೆ ಮಕ್ಕಳು ದುಃಖವನ್ನು ಎಲ್ಲಿ ಕಲಿಯಬೇಕು? ನಾದನಾಮಕ್ರಿಯೆ ರಾಗ ಕೇಳಿ ಸುಮ್ನೆ ಕೂತುಬಿಡುವ ಹುಡುಗರನ್ನು ನೋಡಿದ್ದೇನೆ. ಅವರು ಅದರಿಂದ ಹಾಳಾಗಿಲ್ಲ. ಅರಿಸ್ಟಾಟಲ್ ಕೂಡ ಇಲ್ಲಿ ಗುರು ಪ್ಲೇಟೋನ ಜೊತೆ ನಿಲ್ಲುವುದಿಲ್ಲ. ಎಲ್ಲ ಕ್ರಮಗಳೂ ಇರಲಿ, ಎಲ್ಲವನ್ನೂ ಒಂದೇ ಕೆಲಸಕ್ಕೆ ಬಳಸುವುದು ಬೇಡ ಅನ್ನುತ್ತಾನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಮೂರನೇ ಭಾಗದ ಇನ್ನೊಂದು ಮಾತು. ಲಯ ಮತ್ತು ಸ್ವರ ಆತ್ಮದ ತೀರಾ ಒಳಗೆ ಇಳಿಯುತ್ತವೆ. ಹಾಗೆ ಬೆಳೆದ ಮಗು ಚೆಲುವನ್ನು ಕಂಡರೆ ಹಿಗ್ಗುತ್ತದೆ, ಅಸಹ್ಯವನ್ನು ಕಂಡರೆ ದೂರ ಸರಿಯುತ್ತದೆ. ಯಾಕೆ ಅಂತ ಅದಕ್ಕೆ ಗೊತ್ತಿರುವುದಿಲ್ಲ, ಇನ್ನೂ ಬುದ್ಧಿ ಬಂದಿರುವುದಿಲ್ಲ. ಆಮೇಲೆ ಬುದ್ಧಿ ಬಂದಾಗ, ಪರಿಚಯದವರು ಮನೆಗೆ ಬಂದ ಹಾಗೆ ಅದನ್ನು ಗುರುತು ಹಿಡಿದು ಒಳಗೆ ಕರೆದುಕೊಳ್ಳುತ್ತದೆ.

ಇದನ್ನು ನಾನು ದಿನಾ ನೋಡುತ್ತೇನೆ. ಮೊದಲ ಪಾಠವಾದ ಸರಳೆ ವರಸೆ ಹಾಡುವಾಗ ಪಕ್ಕದಲ್ಲಿ ಕೂತವನ ಪಂಚಮ ಸ್ವರ ಸ್ವಲ್ಪ ಜಾರಿದರೆ ಸಾಕು, ಒಬ್ಬ ಪುಟ್ಟ ಹುಡುಗಿಯ ಹುಬ್ಬು ಗಂಟಾಗುತ್ತದೆ. ಕೈಯಲ್ಲಿ ತಾಳ ನಡೆಯುತ್ತಲೇ ಇರುತ್ತದೆ, ಕಣ್ಣು ಮಾತ್ರ ಶ್ರುತಿ ಪೆಟ್ಟಿಗೆಯ ಕಡೆ ಹೋಗುತ್ತದೆ. ಶ್ರುತಿ ಅಂದರೇನು ಅಂತ ಕೇಳಿದರೆ ಅವಳಿಗೆ ಹೇಳಲು ಬರುವುದಿಲ್ಲ. ಮುಂದೆ ಎಂದಾದರೂ ಲಕ್ಷಣ, ಅಂದರೆ ಸಂಗೀತ ಶಾಸ್ತ್ರದ ಪಾಠ ಮಾಡುವಾಗ ಅವಳಿಗೆ ಅದು ಹೊಸ ವಿಷಯ ಅನ್ನಿಸುವುದಿಲ್ಲ.

ಆದರೆ ಪ್ಲೇಟೋ ಹೇಳುತ್ತಿರುವುದು ಬರೀ ಶ್ರುತಿಯ ಬಗ್ಗೆ ಅಲ್ಲ ಅಲ್ವಾ? ನಡತೆಯ ಬಗ್ಗೆ. ಒಳ್ಳೆಯ ಕಿವಿ ಇದ್ದವರೆಲ್ಲ ಒಳ್ಳೆಯ ಮನುಷ್ಯರಾಗುತ್ತಾರಾ? ಇಲ್ಲ ಅಂತ ಸಂಗೀತದ ಲೋಕದಲ್ಲಿ ಇರುವವರಿಗೆಲ್ಲ ಗೊತ್ತು. ಇದಕ್ಕೆ ಉತ್ತರ ನಾಲ್ಕನೇ ಭಾಗದಲ್ಲಿದೆ. ಅಲ್ಲಿ ಲಿಯೋಂಟಿಯಸ್ ಎಂಬುವನ ಕಥೆ ಬರುತ್ತದೆ. ಅವನು ಪಿರೇಯಸ್‌ನಿಂದ ಅಥೆನ್ಸಿಗೆ ಉತ್ತರದ ಗೋಡೆಯ ಹೊರಗೆ ನಡೆದು ಬರುತ್ತಿರುತ್ತಾನೆ. ಮರಣದಂಡನೆ ಜಾರಿ ಮಾಡುವವನ ಬಳಿ ಹೆಣಗಳು ಬಿದ್ದಿರುತ್ತವೆ. ನೋಡಬೇಕು ಅನ್ನುವ ಆಸೆ, ಛೀ ಅನ್ನುವ ಅಸಹ್ಯ, ಎರಡೂ ಒಟ್ಟಿಗೆ. ಮುಖ ಮುಚ್ಚಿಕೊಳ್ಳುತ್ತಾನೆ, ತನ್ನ ಜೊತೆ ತಾನೇ ಹೋರಾಡುತ್ತಾನೆ. ಕೊನೆಗೆ ಸೋತು, ಕಣ್ಣು ಅಗಲಿಸಿಕೊಂಡು ಹೆಣಗಳ ಹತ್ತಿರ ಓಡಿ, ತನ್ನ ಕಣ್ಣುಗಳನ್ನೇ ಬೈಯುತ್ತಾನೆ: ನೋಡಿ ದರಿದ್ರಗಳೇ, ಈ ಚೆಂದವನ್ನು ಹೊಟ್ಟೆ ತುಂಬಾ ನೋಡಿ!

ಈ ಬೈಗುಳವೇ ಪ್ಲೇಟೋಗೆ ಸಾಕ್ಷಿ. ಆತ್ಮದಲ್ಲಿ ಯೋಚಿಸುವ ಭಾಗ ಒಂದು, ಆಸೆ ಪಡುವ ಭಾಗ ಇನ್ನೊಂದು. ಇವೆರಡರ ಮಧ್ಯೆ ಸಿಟ್ಟು, ರೋಷ, ಮಾನ ಇರುವ ಮೂರನೆಯದು. ಈ ಮೂರನೆಯದು ಯಾರ ಪಕ್ಷ ಸೇರುತ್ತದೆ ಅನ್ನುವುದೇ ಎಲ್ಲ. ಸಂಗೀತ, ವ್ಯಾಯಾಮ ಎರಡೂ ಸೇರಿ ಅದನ್ನು ಯೋಚನೆಯ ಕಡೆ ತಿರುಗಿಸಬೇಕು. ತಂತಿ ಬಿಗಿ ಮಾಡುವ, ಸಡಿಲ ಮಾಡುವ ಮಾತುಗಳಲ್ಲೇ ಪ್ಲೇಟೋ ಇದನ್ನು ಹೇಳುತ್ತಾನೆ. ಹಾಗಾದರೆ ಕಿವಿ ಒಂದೇ ತಯಾರಾದರೆ ಸಾಲದು. ತಪ್ಪು ಹಾಡಿದಾಗ ಮಗು ಯಾರ ಮೇಲೆ ಸಿಟ್ಟಾಗುತ್ತದೆ, ಪಕ್ಕದವನು ಚೆನ್ನಾಗಿ ಹಾಡಿದಾಗ ಅದರ ಮುಖ ಹೇಗಾಗುತ್ತದೆ, ಇದನ್ನೂ ಪಾಠ ಹೇಳುವವರು ನೋಡುತ್ತಿರಬೇಕು. ನಾನು ಈಗ ಇದನ್ನೇ ಜಾಸ್ತಿ ಗಮನಿಸುತ್ತೇನೆ.

ಅರಿಸ್ಟಾಟಲ್ 17ನೇ ವಯಸ್ಸಿಗೆ ಪ್ಲೇಟೋನ ಅಕಾಡೆಮಿಗೆ ಬಂದು 20 ವರ್ಷ ಅಲ್ಲೇ ಇದ್ದವನು. ಅವನ 'ಪಾಲಿಟಿಕ್ಸ್'ನ ಎಂಟನೇ ಭಾಗವನ್ನು ಮಕ್ಕಳನ್ನು ಸಂಗೀತಕ್ಕೆ ಸೇರಿಸುವ ಪ್ರತಿ ಅಪ್ಪ ಅಮ್ಮ ಓದಬೇಕು. ಮಕ್ಕಳು ತಾವೇ ಹಾಡಿ, ನುಡಿಸಿ ಕಲಿಯಬೇಕು ಅನ್ನುತ್ತಾನೆ, ಯಾಕಂದರೆ ಏನೂ ಮಾಡದವನು ಒಳ್ಳೆಯದನ್ನು ಅಳೆಯಲಾರ. ತೀರಾ ಚಿಕ್ಕ ಮಕ್ಕಳಿಗೆ ಆರ್ಕೈಟಸ್ ಎಂಬುವನು ಮಾಡಿದ ಗಿಲಕಿ ಕೊಡಿ, ಮನೆ ಸಾಮಾನು ಒಡೆಯದೆ ಆಡಿಕೊಂಡಿರುತ್ತವೆ. ದೊಡ್ಡವಾದ ಮೇಲೆ ಕಲಿಕೆಯೇ ಅವರ ಗಿಲಕಿ ಅಂತ ಬರೆಯುತ್ತಾನೆ. ಆದರೆ ಸ್ಪರ್ಧೆಗಾಗಿ ತಯಾರಿ ಬೇಡ ಅಂತ ಖಡಾಖಂಡಿತವಾಗಿ ಹೇಳುತ್ತಾನೆ. ಬೆರಗು ಹುಟ್ಟಿಸುವ ಕಸರತ್ತುಗಳು ಮೊದಲು ಸ್ಪರ್ಧೆಗೆ ಬಂದವು, ಸ್ಪರ್ಧೆಯಿಂದ ಪಾಠಕ್ಕೆ ಬಂದವು ಅಂತ ಅವನ ದೂರು.

ಇದು ಕ್ರಿ.ಪೂ. 4ನೇ ಶತಮಾನದ ಮಾತು. ಸರಳೆ ವರಸೆಯ ನಂತರದ ಪಾಠವಾದ ಜಂಟಿ ವರಸೆ ಮುಗಿಯುವ ಮೊದಲೇ, 'ಮೇಡಂ, ಟಿವಿ ಆಡಿಷನ್‌ಗೆ ಒಂದು ಫಾಸ್ಟ್ ಹಾಡು ರೆಡಿ ಮಾಡಿಸಿಬಿಡಿ' ಅಂತ ನನ್ನ ಬಳಿ ಬರುವವರಿದ್ದಾರೆ. ಆಗುವುದಿಲ್ಲ ಅನ್ನುತ್ತೇನೆ. ಕೆಲವರು ಮಗುವನ್ನು ಬೇರೆ ಕಡೆ ಸೇರಿಸುತ್ತಾರೆ. ಬೇಜಾರಾಗುತ್ತದೆ, ಆದರೆ ಮನಸ್ಸು ಬದಲಾಗುವುದಿಲ್ಲ. ಚಪ್ಪಾಳೆಗೆಂದೇ ಕಲಿತ ಮಗುವಿಗೆ ಏನು ಇಷ್ಟಪಡಬೇಕು ಅನ್ನುವುದನ್ನು ಎದುರು ಕೂತವರೇ ತೀರ್ಮಾನಿಸಿಬಿಡುತ್ತಾರೆ.

ಆತ್ಮದ ಬಗ್ಗೆಯೇ ಅರಿಸ್ಟಾಟಲ್ ಬರೆದ ಪುಸ್ತಕದಲ್ಲಿ ಇನ್ನೊಂದು ಚುರುಕು ಮಾತಿದೆ. ಯಾವ ಆತ್ಮ ಬೇಕಾದರೂ ಯಾವ ದೇಹವನ್ನಾದರೂ ಹೊಕ್ಕಬಹುದು ಅನ್ನುವುದು, ಬಡಗಿಯ ವಿದ್ಯೆ ಕೊಳಲೊಳಗೆ ಹೊಕ್ಕಿತು ಅಂದ ಹಾಗೆ. ಅವನು ಹೇಳುತ್ತಿರುವುದು ಪೈಥಾಗೊರಸ್‌ನ ಕಡೆಯವರಿಗೆ, ಆದರೆ ಪುನರ್ಜನ್ಮದ ಕಥೆ ಕೇಳಿ ಬೆಳೆದ ನಮಗೂ ತಾಗುತ್ತದೆ. ಸತ್ತ ಮೇಲಿನ ವಿಷಯ ಹೇಗೇ ಇರಲಿ, ಪಾಠ ಹೇಳುವಾಗ ನಾನು ಅರಿಸ್ಟಾಟಲ್ ಪಕ್ಷ. ನನ್ನ ಎದುರು ಇರುವುದು ಈ ಗಂಟಲು, ಈ ಉಸಿರು. ಅಕ್ಕನ ಶ್ರುತಿಯಲ್ಲಿ ತಮ್ಮನನ್ನು ಹಾಡಿಸಲು ಆಗುವುದಿಲ್ಲ.

ಈಗ ಪ್ಲೇಟೋ ಮುಪ್ಪಿನಲ್ಲಿ ಬರೆದ 'ಲಾಸ್' (ಕಾನೂನುಗಳು) ಹಿಡಿದಿದ್ದೇನೆ. ಎಳೆ ಮಕ್ಕಳಿಗೆ ಸುಮ್ಮನಿರಲು ಬರುವುದಿಲ್ಲ, ಕುಣಿಯುತ್ತವೆ, ಕೂಗುತ್ತವೆ, ಆ ಕುಣಿತಕ್ಕೆ ಲಯ ಸಿಕ್ಕರೆ ಅದೇ ಮೊದಲ ಶಿಕ್ಷಣ ಅನ್ನುತ್ತಾನೆ. ಊರಲ್ಲಿ ಮೂರು ಮೇಳಗಳು ಇರಬೇಕಂತೆ: ಮಕ್ಕಳದ್ದು, 30ರ ಒಳಗಿನವರದ್ದು, 30ರಿಂದ 60ರವರೆಗಿನವರದ್ದು. ವಯಸ್ಸಾದವರು ಎಲ್ಲರ ಮುಂದೆ ಹಾಡಲು ನಾಚಿಕೊಳ್ಳುತ್ತಾರೆ, ಅದಕ್ಕೆ ಅವರಿಗೆ ಸ್ವಲ್ಪ ವೈನ್ ಕೊಡಿ ಅಂತಲೂ ಬರೆದಿದ್ದಾನೆ. ಮಕ್ಕಳನ್ನು ಬಿಟ್ಟು ಹೋಗಲು ಬರುವ ಅಮ್ಮಂದಿರು ಜಗಲಿಯಲ್ಲಿ ಕೂತು ಮೊಬೈಲ್ ನೋಡುತ್ತಿರುತ್ತಾರೆ. ಈ ಮೂರನೇ ಮೇಳದ ವಿಷಯ ಓದಿದ ಮೇಲೆ ಅವರನ್ನೂ ಒಳಗೆ ಕರೆದು ಕೂರಿಸಿದ್ದೇನೆ. ಕಾಫಿ ಕೊಡುತ್ತೇನೆ. ಇಬ್ಬರು ಈಗಾಗಲೇ ಜಂಟಿ ವರಸೆಗೆ ಬಂದಿದ್ದಾರೆ.